ಪರಿಷ್ಕೃತ ಗಣಕಸಮುಚ್ಚಯದಲ್ಲಿ ಕಾರ್ಯನಿಯೋಜನೆ: ಪ್ರತಿಗಳ ಏಕರೂಪತೆಯ ಪ್ರಶ್ನೆ

ಅನೇಕ ಗಣಕಯಂತ್ರಗಳನ್ನು ಒಂದು ಜಾಲದಿಂದ ಬಂಧಿಸಿ, ಅವೆಲ್ಲವೂ ಸೇರಿ ಒಂದೇ ಯಂತ್ರವೆಂಬಂತೆ ದುಡಿಯುವ ಹಾಗೆ ಮಾಡಿದ ವ್ಯವಸ್ಥೆಗೆ ಗಣಕಸಮುಚ್ಚಯ ಅಥವಾ ರೂಢಿಯ ಮಾತಿನಲ್ಲಿ ಕ್ಲಸ್ಟರ್ ಎಂದು ಹೆಸರು. ಅದರೊಳಗಿನ ಒಂದೊಂದು ಯಂತ್ರವನ್ನು ನೋಡ್ ಎನ್ನುತ್ತಾರೆ. ದೊಡ್ಡ ಕ್ಲಸ್ಟರನ್ನು ಬಳಸುವವರು ನೂರಾರು ಮಂದಿ. ಅವರು ಒಪ್ಪಿಸುವ ಕೆಲಸಗಳು ಸಾವಿರಾರು. ಯಾರ ಕೆಲಸವು ಮೊದಲು ನಡೆಯಬೇಕು, ಯಾವ ನೋಡ್‌ನಲ್ಲಿ ನಡೆಯಬೇಕು, ಎಷ್ಟು ಹೊತ್ತು ನಡೆಯಬಹುದು ಎಂಬುದನ್ನು ನಿರ್ಣಯಿಸುವ ತಂತ್ರಾಂಶವೇ ಕಾರ್ಯನಿಯೋಜಕ. ಬಳಕೆಯಲ್ಲಿ ಇದಕ್ಕೆ ಶೆಡ್ಯೂಲರ್ ಎಂಬ ಹೆಸರಿದೆ. ಓಲೆಗರಿಗಳ ಛಾಯಾಚಿತ್ರಗಳಿಂದ ಅಕ್ಷರಗಳನ್ನು ಗುರುತಿಸುವ ತಂತ್ರಾಂಶಗಳನ್ನು ಸಿದ್ಧಪಡಿಸುವವರೂ ಇಂದು ಇಂಥ ಕ್ಲಸ್ಟರ್‌ಗಳ ಸರದಿಯಲ್ಲಿ ನಿಲ್ಲುತ್ತಿರುವುದರಿಂದ, ಇದರ ಸ್ವರೂಪವನ್ನು ನಮ್ಮ ವಾಚಕರು ಅರಿತಿರುವುದು ಯುಕ್ತವಾಗಿದೆ.

ಹಳೆಯ ಕ್ಲಸ್ಟರಿಗೆ ಹೊಸ ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸಿದಾಗ ಅಥವಾ ಹೊಸ ನೋಡ್‌ಗಳನ್ನು ಸೇರಿಸಿದಾಗ, ಬಿಡಿಬಿಡಿಯಾಗಿ ನೋಡಿದರೆ ಎಲ್ಲ ಯಂತ್ರಗಳೂ ಸುಸ್ಥಿತಿಯಲ್ಲಿದ್ದರೂ ಕಾರ್ಯನಿಯೋಜಕವು ಮಾತ್ರ ನಡೆಯದೆ ನಿಲ್ಲುವುದು ಸರ್ವಸಾಧಾರಣವಾದ ಅನುಭವ. ಇದಕ್ಕೆ ಕಾರಣವೇನು, ಪರಿಹಾರಕ್ರಮವೇನು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಉದಾಹರಣೆಗೆ ಸ್ಲರ್ಮ್ ಎಂಬ ತಂತ್ರಾಂಶವನ್ನೂ, ಸೆಂಟ್‌ಓಎಸ್ ೭ರಿಂದ ರಾಕಿ ಲಿನಕ್ಸ್ ೯ಕ್ಕೆ ಸಾಗುವ ಪರಿಷ್ಕರಣವನ್ನೂ ಆರಿಸಿಕೊಳ್ಳಲಾಗಿದೆ. ಸೆಂಟ್‌ಓಎಸ್ ೭ಕ್ಕೆ ದೊರೆಯುತ್ತಿದ್ದ ಪೋಷಣೆಯು ೨೦೨೪ನೆಯ ಇಸವಿ ಜೂನ್ ೩೦ರಂದು ಮುಕ್ತಾಯವಾದುದರಿಂದ ಬಹುಸಂಖ್ಯೆಯ ಕ್ಲಸ್ಟರ್‌ಗಳಿಗೆ ಈ ಬಗೆಯ ಪ್ರಯಾಣವು ಅನಿವಾರ್ಯವಾಯಿತು.

೧. ಹಿನ್ನೆಲೆ

ಸರದಿಯ ಮೇಲೆ ಕೆಲಸಗಳನ್ನು ನಡೆಸುವ ಪದ್ಧತಿಯು ದೊಡ್ಡ ಗಣಕಯಂತ್ರಗಳಷ್ಟೇ ಹಳೆಯದು. ಇಂದಿನ ಕಾರ್ಯನಿಯೋಜಕಗಳ ಪೂರ್ವಿಕರಲ್ಲಿ ಮುಖ್ಯವಾದ ಪಿಬಿಎಸ್ ಎಂಬುದರ ರಚನೆಯು ೧೯೯೧ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಏಮ್ಸ್ ಸಂಶೋಧನ ಕೇಂದ್ರಕ್ಕಾಗಿ ಆರಂಭವಾಯಿತು. ೧೯೯೪ರಲ್ಲಿ ಅದೇ ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಎಂಬವರು ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ಬಿಡಿಭಾಗಗಳಿಂದಲೇ ೧೬ ಪ್ರೊಸೆಸರ್‌ಗಳ ಒಂದು ಕ್ಲಸ್ಟರನ್ನು ಕಟ್ಟಿದರು. ಬೇವುಲ್ಫ್ ಎಂದು ಪ್ರಸಿದ್ಧವಾದ ಈ ಮಾದರಿಯು ವಿಶ್ವವಿದ್ಯಾಲಯಗಳಿಗೂ ಸುಲಭಸಾಧ್ಯವೆನಿಸಿದ ಮೇಲೆ ಕ್ಲಸ್ಟರ್‌ಗಳು ಎಲ್ಲೆಡೆ ಹಬ್ಬಿದವು. ಸ್ಲರ್ಮ್ ತಂತ್ರಾಂಶವು ಕ್ಯಾಲಿಫೋರ್ನಿಯದ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ೨೦೦೨ರ ಸುಮಾರಿಗೆ ರೂಪುಗೊಂಡಿತು. ಅದರ ರಚನೆಯಲ್ಲಿ ಪ್ರಮುಖರಾದವರು ೨೦೧೦ರಲ್ಲಿ ಸ್ಕೆಡ್‌ಎಂಡಿ ಎಂಬ ಸಂಸ್ಥೆಯನ್ನು ಸ್ಥಾಪಿಸಿ ಅದರ ಪೋಷಣೆಯನ್ನು ಮುಂದುವರಿಸಿದರು. ಮೂಲಪಾಠವು ಎಲ್ಲರಿಗೂ ಮುಕ್ತವಾಗಿರುವ ಈ ತಂತ್ರಾಂಶವು ಜಗತ್ತಿನ ಅನೇಕ ಮಹಾಗಣಕಗಳಲ್ಲಿ ನೆಲೆಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೨೦೨೨ರಲ್ಲಿ ಕಾರ್ಯಾರಂಭ ಮಾಡಿದ, ೩.೩ ಪೆಟಾಫ್ಲಾಪ್ಸ್ ಸಾಮರ್ಥ್ಯದ ಪರಮ್ ಪ್ರವೇಗದಲ್ಲಿಯೂ ಕೆಲಸಗಳು ಸ್ಲರ್ಮ್ ಮೂಲಕವೇ ಸರದಿಗೆ ಸೇರುತ್ತವೆ.

೨. ಅಂಗಗಳು ಮತ್ತು ನಡೆ

ಸ್ಲರ್ಮ್‌ಗೆ ಮುಖ್ಯವಾಗಿ ಮೂರು ಅಂಗಗಳುಂಟು. ನಿಯಂತ್ರಕ ಯಂತ್ರದಲ್ಲಿ ಕುಳಿತು ಸರದಿಯನ್ನು ಆಳುವುದು ಸ್ಲರ್ಮ್‌ಸಿಟಿಎಲ್‌ಡಿ. ಪ್ರತಿಯೊಂದು ನೋಡ್‌ನಲ್ಲಿಯೂ ಇದ್ದು ಅದರ ಆಜ್ಞೆಯಂತೆ ಕೆಲಸವನ್ನು ನಡೆಸುವುದು ಸ್ಲರ್ಮ್‌ಡಿ. ಯಾರು ಎಷ್ಟು ಹೊತ್ತು ಬಳಸಿದರೆಂಬ ಲೆಕ್ಕವನ್ನು ದತ್ತಸಂಚಯದಲ್ಲಿ ಬರೆದಿಡುವುದು ಸ್ಲರ್ಮ್‌ಡಿಬಿಡಿ. ಇವು ಪರಸ್ಪರ ಕಳುಹಿಸುವ ಸಂದೇಶಗಳು ನಿಜವಾದವೆಂದು ಮುದ್ರೆಯೊತ್ತಿ ದೃಢಪಡಿಸುವ ಮಂಜ್ ಎಂಬ ಪ್ರತ್ಯೇಕ ತಂತ್ರಾಂಶವೊಂದು ಎಲ್ಲ ಯಂತ್ರಗಳಲ್ಲಿಯೂ ಇರುತ್ತದೆ.

ಸರದಿಯೆಂದರೆ ಮೊದಲು ಬಂದವನಿಗೆ ಮೊದಲು ಎಂಬಷ್ಟು ಸರಳವಾದುದಲ್ಲ. ೧೦೦ ನೋಡ್‌ಗಳ ಕ್ಲಸ್ಟರಿನಲ್ಲಿ ೬೦ ನೋಡ್‌ಗಳು ಇನ್ನು ೪ ಗಂಟೆಗಳ ಕಾಲ ಕಾರ್ಯಮಗ್ನವಾಗಿವೆಯೆಂದು ಭಾವಿಸೋಣ. ಸರದಿಯ ಮೊದಲನೆಯವನಿಗೆ ೮೦ ನೋಡ್‌ಗಳು ಬೇಕು. ಆದುದರಿಂದ ಅವನು ೪ ಗಂಟೆ ಕಾಯಲೇಬೇಕು. ಅಷ್ಟರವರೆಗೆ ಉಳಿದ ೪೦ ನೋಡ್‌ಗಳು ಬರಿದೆ ನಿಲ್ಲಬೇಕೆ? ಎರಡನೆಯವನು ೩೦ ನೋಡ್‌ಗಳನ್ನು ೩ ಗಂಟೆಗೆ ಕೇಳಿದ್ದರೆ, ಅವನ ಕೆಲಸವು ಮೊದಲನೆಯವನಿಗೆ ತೊಡಕಾಗದಂತೆ ಮುಗಿದುಹೋಗುತ್ತದೆ. ಅದನ್ನು ಮುಂಚಿತವಾಗಿ ನಡೆಸಬಹುದು. ಅದೇ ೩೦ ನೋಡ್‌ಗಳನ್ನು ೫ ಗಂಟೆಗೆ ಕೇಳಿದ್ದರೆ, ೪ ಗಂಟೆಗಳು ಕಳೆದಾಗ ದೊರೆಯುವುದು ೭೦ ನೋಡ್‌ಗಳು ಮಾತ್ರ, ಮೊದಲನೆಯವನಿಗೆ ಅನ್ಯಾಯವಾಗುತ್ತದೆ. ೨೦ ನೋಡ್‌ಗಳನ್ನು ೫ ಗಂಟೆಗೆ ಕೇಳಿದ್ದರೆ ಸರಿಯಾಗಿ ೮೦ ಉಳಿಯುವುದರಿಂದ ಬಾಧಕವಿಲ್ಲ. ಬ್ಯಾಕ್‌ಫಿಲ್ ಎನಿಸಿಕೊಳ್ಳುವ ಈ ತೆರಪು ತುಂಬುವ ಕ್ರಮವು ೧೯೯೫ರಲ್ಲಿ ಡೇವಿಡ್ ಲಿಫ್ಕಾ ಎಂಬವರು ಅಮೆರಿಕದ ಆರ್ಗಾನ್ ಪ್ರಯೋಗಾಲಯದ ಯಂತ್ರಕ್ಕಾಗಿ ಪ್ರಕಟಿಸಿದ ಬರೆಹದಿಂದ ಪ್ರಸಿದ್ಧಿಗೆ ಬಂದಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಎಲ್ಲ ಗಣನೆಯೂ ಬರೆದಿಟ್ಟ ವಿವರಗಳನ್ನೇ ನಂಬಿ ನಡೆಯುತ್ತದೆ. ನಿಯಂತ್ರಕವು ನೋಡ್‌ಗಳನ್ನು ಕಣ್ಣಾರೆ ಕಾಣದು. ಅವುಗಳ ವಿಷಯದಲ್ಲಿ ಬರೆದುದನ್ನು ಓದಿ ತೀರ್ಮಾನಿಸುತ್ತದೆ. ಬರೆಹವು ಒಂದೆಡೆ ಒಂದು ತೆರನಾಗಿಯೂ ಇನ್ನೊಂದೆಡೆ ಬೇರೆ ತೆರನಾಗಿಯೂ ಇದ್ದರೆ ತೀರ್ಮಾನವೂ ಕೆಡುತ್ತದೆ. ಪರಿಷ್ಕರಣಾನಂತರದ ತೊಡಕುಗಳಲ್ಲಿ ಬಹುಪಾಲು ಇಂಥ ಪಾಠಭೇದಗಳೇ ಎಂಬುದು ಮುಂದಿನ ವಿವೇಚನೆಯಿಂದ ವಿದಿತವಾಗುತ್ತದೆ.

೩. ಪರಿಷ್ಕರಣದ ಅನುಕ್ರಮ

ಸ್ಲರ್ಮ್‌ನ ಪ್ರತಿಯೊಂದು ಪ್ರಧಾನ ಆವೃತ್ತಿಯೂ ತನ್ನ ಕಾಲವನ್ನು ತಾನೇ ಹೇಳುತ್ತದೆ. ೨೦.೧೧ ಎಂದರೆ ೨೦೨೦ರ ನವೆಂಬರ್, ೨೪.೦೫ ಎಂದರೆ ೨೦೨೪ರ ಮೇ. ಸಮಾಪ್ತಿವಾಕ್ಯದಲ್ಲಿ ಸಂವತ್ಸರವನ್ನೂ ಮಾಸವನ್ನೂ ಬರೆದ ಲಿಪಿಕಾರನಂತೆ ಇದು ಉಪಕಾರಿಯಾಗಿದೆ. ಏಕೆಂದರೆ ಎಷ್ಟು ದೂರವನ್ನು ಒಮ್ಮೆಗೆ ಜಿಗಿಯಬಹುದೆಂಬುದಕ್ಕೆ ಮಿತಿಯುಂಟು. ೨೪.೦೫ರವರೆಗಿನ ಪ್ರತಿ ಆವೃತ್ತಿಯೂ ತನಗಿಂತ ಹಿಂದಿನ ಎರಡು ಪ್ರಧಾನ ಆವೃತ್ತಿಗಳ ಕಡತಗಳನ್ನು ಮಾತ್ರ ಓದಬಲ್ಲುದು, ೨೪.೧೧ರಿಂದೀಚೆಗೆ ಈ ಮಿತಿಯು ಮೂರಕ್ಕೆ ಏರಿತು. ಆದುದರಿಂದ ೨೦.೧೧ರಲ್ಲಿರುವ ಕ್ಲಸ್ಟರನ್ನು ನೇರವಾಗಿ ೨೪.೦೫ಕ್ಕೆ ಒಯ್ಯಲಾಗದು. ೨೦.೧೧ರಿಂದ ೨೨.೦೫ಕ್ಕೆ, ಅಲ್ಲಿಂದ ೨೩.೧೧ಕ್ಕೆ, ಅನಂತರ ೨೪.೦೫ಕ್ಕೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು.

ಈ ಮಿತಿಯನ್ನು ಕಡೆಗಣಿಸಿದವರಿಗೆ ಆಗುವ ನಷ್ಟವು ಸಣ್ಣದಲ್ಲ. ಸರದಿಯಲ್ಲಿ ಕಾಯುತ್ತಿರುವ ಹಾಗೂ ನಡೆಯುತ್ತಿರುವ ಕೆಲಸಗಳ ಸ್ಥಿತಿಯು ನಿಯಂತ್ರಕದ ಒಂದು ಕೋಶದಲ್ಲಿ ಬರೆದಿಟ್ಟಿರುತ್ತದೆ. ಹೊಸ ಆವೃತ್ತಿಯು ಆ ಬರೆಹವನ್ನು ಓದಲಾರದೆ ಹೋದರೆ ಸರದಿಯೇ ಅಳಿಯುತ್ತದೆ. ಹೊಸದಾಗಿ ಸ್ಥಾಪಿಸಿದ ನಿಯಂತ್ರಕವನ್ನು ಬರಿಯ ಕೋಶದಿಂದ ಎಬ್ಬಿಸಿದರೂ ಅದೇ ಗತಿ. ನೋಡ್‌ಗಳಲ್ಲಿ ಹಲವು ದಿನಗಳಿಂದ ನಡೆಯುತ್ತಿದ್ದ ಕೆಲಸಗಳು ಅದಕ್ಕೆ ವಾರಸುದಾರರಿಲ್ಲದವುಗಳಾಗಿ ತೋರುತ್ತವೆ. ಅವನ್ನು ಅದು ಕೊನೆಗಾಣಿಸುತ್ತದೆ. ಕೆಲಸಗಳ ಕ್ರಮಸಂಖ್ಯೆಯೂ ಮತ್ತೆ ೧ರಿಂದ ಆರಂಭವಾಗಿ, ಹಳೆಯ ಲೆಕ್ಕದಲ್ಲಿರುವ ಸಂಖ್ಯೆಗಳೊಂದಿಗೆ ಗೊಂದಲವನ್ನುಂಟುಮಾಡುತ್ತದೆ. ಆದಕಾರಣ ಪರಿಷ್ಕರಣಕ್ಕೆ ಮುನ್ನ ಈ ಕೋಶದ ಒಂದು ಪ್ರತಿಯನ್ನೂ ದತ್ತಸಂಚಯದ ಒಂದು ಪ್ರತಿಯನ್ನೂ ಬೇರೆಡೆ ತೆಗೆದಿಡುವುದು ಪ್ರಥಮ ಕರ್ತವ್ಯವಾಗಿದೆ.

ಅಂಗಗಳನ್ನು ಪರಿಷ್ಕರಿಸುವುದರಲ್ಲಿಯೂ ನಿಯತವಾದ ಅನುಕ್ರಮವಿದೆ. ಮೊದಲು ಲೆಕ್ಕವಿಡುವ ಸ್ಲರ್ಮ್‌ಡಿಬಿಡಿ, ಆಮೇಲೆ ನಿಯಂತ್ರಕ, ಅನಂತರ ನೋಡ್‌ಗಳ ಸ್ಲರ್ಮ್‌ಡಿ, ಕೊನೆಗೆ ಬಳಕೆದಾರರ ಆಜ್ಞೆಗಳು. ಹೊಸದು ಹಳೆಯದರ ಮಾತನ್ನು ಅರಿಯಬಲ್ಲುದು, ಹಳೆಯದು ಹೊಸದರ ಮಾತನ್ನು ಅರಿಯಲಾರದು ಎಂಬುದೇ ಇದರ ತತ್ತ್ವ. ದತ್ತಸಂಚಯದ ರೂಪಾಂತರಕ್ಕೆ ದೊಡ್ಡ ಕ್ಲಸ್ಟರ್‌ಗಳಲ್ಲಿ ಬಹಳ ಹೊತ್ತು ಹಿಡಿಯಬಹುದು. ಆದುದರಿಂದ ಮೊದಲ ಸಲ ಸ್ಲರ್ಮ್‌ಡಿಬಿಡಿಯನ್ನು ಕಾರ್ಯಾಚರಣ ವ್ಯವಸ್ಥೆಯ ವಶಕ್ಕೆ ಕೊಡದೆ, ಕೈಯಾರೆ ಎಬ್ಬಿಸಿ, ಅದು ಮುಗಿಸಿದೆನೆಂದು ಹೇಳುವವರೆಗೆ ಕಾದಿರಬೇಕು. ತಡವಾಯಿತೆಂದು ವ್ಯವಸ್ಥೆಯು ನಡುವೆಯೇ ಅದನ್ನು ನಿಲ್ಲಿಸಿದರೆ, ಅರ್ಧ ಹಳೆಯ ಅರ್ಧ ಹೊಸ ರೂಪದ ದತ್ತಸಂಚಯವು ಉಳಿದುಕೊಳ್ಳುತ್ತದೆ. ಇನ್ನೊಂದು ಎಚ್ಚರಿಕೆಯೆಂದರೆ, ನೋಡ್ ಒಂದು ೩೦೦ ಸೆಕೆಂಡುಗಳವರೆಗೆ ಉತ್ತರಿಸದಿದ್ದರೆ ಅದು ಕೆಟ್ಟಿತೆಂದು ನಿಯಂತ್ರಕವು ಭಾವಿಸುವುದು ರೂಢಿಯ ಏರ್ಪಾಡು. ಕೆಲಸಗಳು ನಡೆಯುತ್ತಿರುವಾಗಲೇ ಪರಿಷ್ಕರಿಸುವುದಾದರೆ ಈ ಅವಧಿಯನ್ನು ಮುಂಚಿತವಾಗಿ ಹೆಚ್ಚಿಸಿಕೊಂಡಿರಬೇಕು.

೪. ನಾಲ್ಕು ವಿಷಯಗಳಲ್ಲಿ ಏಕಪಾಠ

ಒಂದು ಕಾವ್ಯದ ಹತ್ತು ಪ್ರತಿಗಳಲ್ಲಿ ಭೇದಗಳಿದ್ದರೆ ಸಂಪಾದಕನು ಅವನ್ನು ಅಡಿಟಿಪ್ಪಣಿಯಲ್ಲಿ ಕೊಟ್ಟು ಮುಂದುವರಿಯಬಹುದು. ಕ್ಲಸ್ಟರಿನಲ್ಲಿ ಅಂಥ ಸೌಕರ್ಯವಿಲ್ಲ. ನಾಲ್ಕು ವಿಷಯಗಳಲ್ಲಿ ಎಲ್ಲ ಯಂತ್ರಗಳದೂ ಒಂದೇ ಪಾಠವಾಗಿರಬೇಕು.

ಮೊದಲನೆಯದು ಕೀಲಿ. ಮಂಜ್ ತಂತ್ರಾಂಶದ ರಹಸ್ಯ ಕೀಲಿಯ ಕಡತವು ಎಲ್ಲೆಡೆಯೂ ಒಂದಕ್ಷರವೂ ವ್ಯತ್ಯಾಸವಿಲ್ಲದಂತೆ ಇರಬೇಕು. ಹೊಸ ನೋಡ್‌ನಲ್ಲಿ ಬೇರೆ ಕೀಲಿಯು ಹುಟ್ಟಿಕೊಂಡಿದ್ದರೆ ಅದರ ಮಾತನ್ನು ಉಳಿದವು ನಂಬುವುದಿಲ್ಲ. ಒಂದು ಯಂತ್ರದಲ್ಲಿ ಮುದ್ರೆಯೊತ್ತಿ ಇನ್ನೊಂದರಲ್ಲಿ ಅದನ್ನು ಬಿಚ್ಚಿ ನೋಡುವುದು ಇದರ ಪರೀಕ್ಷೆ.

ಎರಡನೆಯದು ಕಾಲ. ಮುದ್ರೆಯ ಆಯುಸ್ಸು ಸಾಮಾನ್ಯವಾಗಿ ೩೦೦ ಸೆಕೆಂಡುಗಳು. ನೋಡ್ ಒಂದರ ಗಡಿಯಾರವು ಇದಕ್ಕಿಂತ ಹೆಚ್ಚು ಹಿಂದಿದ್ದರೆ ಅಥವಾ ಮುಂದಿದ್ದರೆ, ಮುದ್ರೆಯು ಅವಧಿ ಮೀರಿದುದೆಂದೋ ಇನ್ನೂ ಹುಟ್ಟದೆ ಇರುವುದೆಂದೋ ತಿರಸ್ಕೃತವಾಗುತ್ತದೆ. ಬಹುಕಾಲ ನಿಂತಿದ್ದ ಯಂತ್ರಗಳನ್ನು ಮರಳಿ ಎಬ್ಬಿಸಿದಾಗ ಈ ದೋಷವು ಕಾಣಿಸಿಕೊಳ್ಳುವುದುಂಟು. ಎಲ್ಲ ಗಡಿಯಾರಗಳನ್ನೂ ಒಂದೇ ಕಾಲಮೂಲಕ್ಕೆ ಹೊಂದಿಸುವ ಸೇವೆಯು ಮೊದಲು ನಡೆಯುತ್ತಿರಬೇಕು.

ಮೂರನೆಯದು ಬಳಕೆದಾರರ ಸಂಖ್ಯೆ. ನಾವು ಹೆಸರಿನಿಂದ ಗುರುತಿಸುವ ಬಳಕೆದಾರನನ್ನು ಯಂತ್ರವು ಸಂಖ್ಯೆಯಿಂದ ಗುರುತಿಸುತ್ತದೆ. ಹೊಸ ಕಾರ್ಯಾಚರಣ ವ್ಯವಸ್ಥೆಯು ಸ್ಲರ್ಮ್ ಹಾಗೂ ಮಂಜ್ ಎಂಬ ಸೇವಾಬಳಕೆದಾರರಿಗೆ ತಾನಾಗಿ ಸಂಖ್ಯೆಗಳನ್ನು ಹಂಚಿದಾಗ, ಒಂದು ಯಂತ್ರದಲ್ಲಿ ಒಂದು ಸಂಖ್ಯೆ, ಇನ್ನೊಂದರಲ್ಲಿ ಬೇರೊಂದು ಸಂಖ್ಯೆ ಬರಬಹುದು. ಹೆಸರು ಒಂದೇ ಆಗಿರುವುದರಿಂದ ಭೇದವು ಕಣ್ಣಿಗೆ ಬೀಳುವುದಿಲ್ಲ. ತಂತ್ರಾಂಶವನ್ನು ಸ್ಥಾಪಿಸುವುದಕ್ಕೆ ಮೊದಲೇ ಈ ಬಳಕೆದಾರರನ್ನು ಗೊತ್ತಾದ ಸಂಖ್ಯೆಯೊಡನೆ ಎಲ್ಲೆಡೆಯೂ ಸೃಷ್ಟಿಸಿಡುವುದೇ ಲೇಸು.

ನಾಲ್ಕನೆಯದು ವಿನ್ಯಾಸದ ಕಡತ. ಸ್ಲರ್ಮ್.ಕಾನ್ಫ್ ಎಂಬ ಈ ಕಡತವೇ ಕ್ಲಸ್ಟರಿನ ಶಾಸನ. ಒಂದು ನೋಡ್‌ನಲ್ಲಿರುವ ಪ್ರತಿಯು ನಿಯಂತ್ರಕದ ಪ್ರತಿಗಿಂತ ಭಿನ್ನವಾಗಿದ್ದರೆ ನಿಯಂತ್ರಕವು ತನ್ನ ದಿನಚರಿಯಲ್ಲಿ ಹಾಗೆಂದು ಬರೆಯುತ್ತದೆ. ಆದರೆ ಕೆಲಸವನ್ನು ನಿಲ್ಲಿಸಲೇಬೇಕೆಂದಿಲ್ಲ. ಆದುದರಿಂದಲೇ ಈ ಎಚ್ಚರಿಕೆಯನ್ನು ಅನೇಕರು ಉಪೇಕ್ಷಿಸುತ್ತಾರೆ. ೨೦.೦೨ನೆಯ ಆವೃತ್ತಿಯಿಂದ ಇದಕ್ಕೊಂದು ಉತ್ತಮ ಪರಿಹಾರವು ಲಭ್ಯವಾಗಿದೆ. ನೋಡ್‌ಗಳು ತಮ್ಮಲ್ಲಿ ಪ್ರತಿಯನ್ನು ಇಟ್ಟುಕೊಳ್ಳದೆ, ಏಳುವಾಗಲೇ ನಿಯಂತ್ರಕದ ಮಾತೃಕೆಯಿಂದ ಪಡೆದುಕೊಳ್ಳಬಹುದು. ಮಾತೃಕೆಯೊಂದೇ ಉಳಿದು, ಕೈಯಿಂದ ಬರೆದ ಪ್ರತಿಗಳು ಇಲ್ಲವಾದಾಗ ಪಾಠಾಂತರಕ್ಕೆ ಎಡೆಯೇ ಇರುವುದಿಲ್ಲ.

೫. ವಿವರಣೆ ಮತ್ತು ವಸ್ತು

ಪ್ರತಿಗಳು ತಮ್ಮತಮ್ಮೊಳಗೆ ಒಪ್ಪಿದರೆ ಸಾಲದು. ಅವು ವಸ್ತುಸ್ಥಿತಿಯನ್ನೂ ಒಪ್ಪಬೇಕು. ವಿವರಣಾತ್ಮಕ ಸೂಚಿಯಲ್ಲಿ ೧೨೦ ಗರಿಗಳೆಂದು ಬರೆದಿದ್ದು, ಕಟ್ಟನ್ನು ಬಿಚ್ಚಿದಾಗ ೧೧೮ ಗರಿಗಳೇ ಇದ್ದರೆ ಸೂಚಿಯನ್ನು ತಿದ್ದಬೇಕಾಗುತ್ತದೆ. ಸ್ಲರ್ಮ್.ಕಾನ್ಫ್‌ನಲ್ಲಿ ಪ್ರತಿ ನೋಡ್‌ನ ಪ್ರೊಸೆಸರ್‌ಗಳೆಷ್ಟು, ಅವುಗಳೊಳಗಿನ ಕೋರ್‌ಗಳೆಷ್ಟು, ಸ್ಮೃತಿಯೆಷ್ಟು ಎಂಬ ವಿವರಗಳಿರುತ್ತವೆ. ನೋಡ್ ಎದ್ದಾಗ ತನ್ನಲ್ಲಿ ನಿಜವಾಗಿ ಇರುವುದನ್ನು ಎಣಿಸಿ ನಿಯಂತ್ರಕಕ್ಕೆ ತಿಳಿಸುತ್ತದೆ. ಬರೆದುದಕ್ಕಿಂತ ಇರುವುದು ಕಡಮೆಯಾದರೆ ನಿಯಂತ್ರಕವು ಆ ನೋಡ್‌ಗೆ ಕೆಲಸವನ್ನು ಕೊಡದೆ ಬದಿಗಿರಿಸುತ್ತದೆ.

೨೫೬ ಗಿಗಾಬೈಟ್ ಸ್ಮೃತಿಯ ಯಂತ್ರಕ್ಕೆ ೨೬೨೧೪೪ ಮೆಗಾಬೈಟ್ ಎಂದು ಬರೆಯುವುದು ಗಣಿತಕ್ಕೆ ಸರಿ. ಆದರೆ ಕಾರ್ಯಾಚರಣ ವ್ಯವಸ್ಥೆಯು ಸ್ವಲ್ಪ ಭಾಗವನ್ನು ತನಗೆಂದು ತೆಗೆದಿರಿಸಿಕೊಳ್ಳುವುದರಿಂದ ಎಣಿಕೆಗೆ ಸಿಗುವುದು ಅದಕ್ಕಿಂತ ಕಡಮೆಯೇ. ಹಳೆಯ ವ್ಯವಸ್ಥೆಯಲ್ಲಿ ಅಳೆದು ಬರೆದ ಸಂಖ್ಯೆಯು ಹೊಸ ವ್ಯವಸ್ಥೆಯಲ್ಲಿ ತುಸು ಹೆಚ್ಚಾಗಿ ಪರಿಣಮಿಸಬಹುದು. ಆಗ ಎಲ್ಲ ನೋಡ್‌ಗಳೂ ಒಮ್ಮೆಗೇ ಸರದಿಯಿಂದ ಹೊರಬೀಳುತ್ತವೆ. ಯಂತ್ರಗಳೆಲ್ಲ ಕೆಟ್ಟಂತೆ ಕಾಣುವ ಈ ಘಟನೆಯ ಹಿಂದೆ ಇರುವುದು ಒಂದು ಸಂಖ್ಯೆ ಮಾತ್ರ. ಸ್ಲರ್ಮ್‌ಡಿಯನ್ನು ಸಿ ಎಂಬ ದೊಡ್ಡಕ್ಷರದ ಸೂಚನೆಯೊಡನೆ ನಡೆಸಿದರೆ ನೋಡ್ ತನ್ನ ವಿವರವನ್ನು ಕಡತಕ್ಕೆ ಹೊಂದುವ ರೂಪದಲ್ಲಿಯೇ ಬರೆದುಕೊಡುತ್ತದೆ. ಸ್ಮೃತಿಯನ್ನು ಅದು ತೋರಿಸಿದುದಕ್ಕಿಂತ ಕೊಂಚ ಇಳಿಸಿ, ಮೇಲಿನ ಉದಾಹರಣೆಯಲ್ಲಿ ೨೫೦೦೦೦ ಎಂದು ಬರೆಯುವುದು ವಿವೇಕ.

೬. ಗ್ರಂಥಪಾತ

ಪಾಠಭೇದವು ಕಣ್ಣಿಗೆ ಬೀಳಬಹುದು. ಗ್ರಂಥಪಾತವು ಹಾಗಲ್ಲ, ಇಲ್ಲದಿರುವುದನ್ನು ಕಾಣುವುದು ಕಷ್ಟ. ಸ್ಲರ್ಮನ್ನು ಮೂಲಪಾಠದಿಂದ ಕಟ್ಟುವಾಗ, ಯಾವ ಸಹಾಯಕ ತಂತ್ರಾಂಶಗಳು ಯಂತ್ರದಲ್ಲಿವೆಯೋ ಅವಕ್ಕೆ ಸಂಬಂಧಿಸಿದ ಭಾಗಗಳು ಮಾತ್ರ ಸಿದ್ಧವಾಗುತ್ತವೆ. ಇಲ್ಲದವುಗಳ ಭಾಗಗಳು ಸದ್ದಿಲ್ಲದೆ ಬಿಟ್ಟುಹೋಗುತ್ತವೆ. ಕಟ್ಟಡವು ಯಶಸ್ವಿಯಾಯಿತೆಂದೇ ಕಾಣುತ್ತದೆ.

ಇದರ ಪ್ರಸಿದ್ಧ ನಿದರ್ಶನವೆಂದರೆ ಸಿಗ್ರೂಪ್. ಒಂದೊಂದು ಕೆಲಸವನ್ನೂ ಅದಕ್ಕೆ ಕೊಟ್ಟ ಕೋರ್ ಮತ್ತು ಸ್ಮೃತಿಗಳ ಮೇರೆಯೊಳಗೆ ಕಟ್ಟಿಹಾಕುವ ಲಿನಕ್ಸ್‌ನ ಉಪಾಯವಿದು. ಸೆಂಟ್‌ಓಎಸ್ ೭ರಲ್ಲಿ ಇದ್ದುದು ಇದರ ಮೊದಲನೆಯ ರೂಪ; ೨೦೨೨ರಲ್ಲಿ ಬಂದ ರೆಡ್ ಹ್ಯಾಟ್ ೯ ಹಾಗೂ ಅದರ ಪರಂಪರೆಯ ರಾಕಿ ಲಿನಕ್ಸ್ ೯ರಲ್ಲಿ ಎರಡನೆಯ ರೂಪವೇ ರೂಢಿ. ಸ್ಲರ್ಮ್ ಈ ಎರಡನೆಯ ರೂಪವನ್ನು ಅರಿತದ್ದು ೨೨.೦೫ನೆಯ ಆವೃತ್ತಿಯಿಂದ. ಇಷ್ಟಾದರೂ ಡಿ-ಬಸ್ ಎಂಬ ತಂತ್ರಾಂಶದ ಅಭಿವೃದ್ಧಿ ಕಡತಗಳು ಕಟ್ಟುವ ಯಂತ್ರದಲ್ಲಿ ಇಲ್ಲದಿದ್ದರೆ ಆ ಭಾಗವು ಸಿದ್ಧವಾಗುವುದಿಲ್ಲ. ಕೊನೆಗೆ ನೋಡ್‌ನಲ್ಲಿ ಸ್ಲರ್ಮ್‌ಡಿಯನ್ನು ಎಬ್ಬಿಸಿದಾಗ, ಸಿಗ್ರೂಪ್‌ನ ಎರಡನೆಯ ರೂಪಕ್ಕೆ ಬೇಕಾದ ಭಾಗವು ದೊರೆಯಲಿಲ್ಲವೆಂದು ಹೇಳಿ ಅದು ಮಲಗುತ್ತದೆ.

ಈ ಸಂದರ್ಭದಲ್ಲಿ ಒಂದು ಆಮಿಷವುಂಟು. ಸಿಗ್ರೂಪ್‌ನ ಬಳಕೆಯನ್ನೇ ಕೈಬಿಡುವಂತೆ ವಿನ್ಯಾಸದ ಕಡತಗಳನ್ನು ತಿದ್ದಿ ನೋಡ್‌ಗಳನ್ನು ಎಬ್ಬಿಸಿಬಿಡಬಹುದು. ಅರ್ಥವಾಗದ ಪದದ ಸ್ಥಾನದಲ್ಲಿ ಸುಲಭವಾದ ಊಹಾಪಾಠವನ್ನಿಟ್ಟು ಪದ್ಯವನ್ನು ನಡೆಸಿದಂತೆ ಇದು. ಛಂದಸ್ಸು ಕೂಡುತ್ತದೆ, ಅರ್ಥ ಕೆಡುತ್ತದೆ. ಮೇರೆಯಿಲ್ಲದ ಕ್ಲಸ್ಟರಿನಲ್ಲಿ ಒಬ್ಬನ ಕೆಲಸವು ಇನ್ನೊಬ್ಬನ ಸ್ಮೃತಿಯನ್ನು ಕಬಳಿಸುತ್ತದೆ. ಹಾನಿಗೊಳಗಾದವನಿಗೆ ತನ್ನ ಕೆಲಸವು ಏಕೆ ಬಿದ್ದಿತೆಂಬುದೇ ತಿಳಿಯುವುದಿಲ್ಲ. ಬಿಟ್ಟುಹೋದ ಭಾಗವನ್ನು ಪೂರೈಸಿ ಮತ್ತೊಮ್ಮೆ ಕಟ್ಟುವುದೇ ಸರಿಯಾದ ಮಾರ್ಗ.

ಇದೇ ಜಾತಿಯ ಇನ್ನೊಂದು ಗ್ರಂಥಪಾತವು ಎಂಪಿಐ ಕೆಲಸಗಳಲ್ಲಿ ಕಾಣುತ್ತದೆ. ಅನೇಕ ನೋಡ್‌ಗಳ ಮೇಲೆ ಹರಡಿದ ಕೆಲಸದ ಅಂಶಗಳು ಒಂದನ್ನೊಂದು ಅರಿಯಲು ಸ್ಲರ್ಮ್ ಹಾಗೂ ಎಂಪಿಐ ಎರಡಕ್ಕೂ ಸಮಾನವಾದ ಸೇತುವೆಯೊಂದು ಬೇಕು, ಪಿಎಂಐಎಕ್ಸ್ ಅಂಥದೊಂದು. ಈ ಸೇತುವೆಯಿಲ್ಲದೆ ೬೪ ಅಂಶಗಳ ಕೆಲಸವನ್ನು ಆರಂಭಿಸಿದರೆ, ಕೆಲವೊಮ್ಮೆ ಪ್ರತಿಯೊಂದು ಅಂಶವೂ ತಾನೊಬ್ಬನೇ ಇರುವೆನೆಂದು ಬಗೆದು, ಅದೇ ಲೆಕ್ಕವನ್ನು ೬೪ ಸಲ ಬೇರೆಬೇರೆಯಾಗಿ ಮಾಡುತ್ತದೆ. ದೋಷಸೂಚನೆಯೇ ಇಲ್ಲದ ಈ ದೋಷವು ಎಲ್ಲಕ್ಕಿಂತ ಅಪಾಯಕರವಾದುದು. ಪ್ರತಿ ಅಂಶವೂ ತನ್ನ ಕ್ರಮಸಂಖ್ಯೆಯನ್ನು ಬರೆಯುವ ಸಣ್ಣ ಪರೀಕ್ಷೆಯಿಂದ ಇದು ಹೊರಬೀಳುತ್ತದೆ. ೦ಯಿಂದ ೬೩ರವರೆಗಿನ ಸಂಖ್ಯೆಗಳು ಬರಬೇಕಾದಲ್ಲಿ ೬೪ ಸೊನ್ನೆಗಳು ಬಂದರೆ ಕಾರಣವು ಸ್ಪಷ್ಟ.

೭. ಶೋಧನೆಯ ಕ್ರಮ

ತೊಡಕು ಕಾಣಿಸಿದಾಗ ಕೆಳಗಿನಿಂದ ಮೇಲಕ್ಕೆ ಪರೀಕ್ಷಿಸುತ್ತ ಹೋಗುವುದು ಶ್ರೇಯಸ್ಕರ. ಗಡಿಯಾರ, ಮಂಜ್ ಮುದ್ರೆ, ಬಳಕೆದಾರರ ಸಂಖ್ಯೆ, ಬಳಿಕ ಜಾಲದ ದಾರಿ. ನಿಯಂತ್ರಕವು ೬೮೧೭, ನೋಡ್‌ಗಳು ೬೮೧೮, ಲೆಕ್ಕದ ಅಂಗವು ೬೮೧೯ನೆಯ ದ್ವಾರಗಳಲ್ಲಿ ಆಲಿಸುವುದು ರೂಢಿ. ಹೊಸ ಕಾರ್ಯಾಚರಣ ವ್ಯವಸ್ಥೆಯ ರಕ್ಷಣಾಭಿತ್ತಿಯು ಇವನ್ನು ಮುಚ್ಚಿರಬಹುದು. ಈ ಮೂರು ದ್ವಾರಗಳನ್ನು ತೆರೆದರೂ, ಸರದಿಗೆ ಒಪ್ಪಿಸಿದ ಕೆಲಸವು ನಡೆದು, ಎಸ್‌ರನ್ ಮೂಲಕ ಎದುರಿನಲ್ಲಿಯೇ ನಡೆಸುವ ಕೆಲಸವು ಮಾತ್ರ ಸ್ತಬ್ಧವಾಗುವುದುಂಟು. ಎಸ್‌ರನ್‌ಗೆ ನೋಡ್‌ಗಳಿಂದ ಉತ್ತರವು ಬರುವುದು ಬೇರೆ ದ್ವಾರಗಳ ಮೂಲಕ. ಅವುಗಳ ವ್ಯಾಪ್ತಿಯನ್ನು ಗೊತ್ತುಮಾಡಿ ತೆರೆದಿಡಬೇಕು.

ನೋಡ್‌ಗಳ ಸ್ಥಿತಿಯನ್ನು ಎಸ್‌ಇನ್ಫೋ ಎಂಬ ಆಜ್ಞೆಯು ತೋರಿಸುತ್ತದೆ. ಆರ್ ಎಂಬ ದೊಡ್ಡಕ್ಷರವನ್ನು ಸೇರಿಸಿದರೆ ನೋಡ್ ಬದಿಗೆ ಸರಿದ ಕಾರಣವನ್ನೂ ಹೇಳುತ್ತದೆ. ಸ್ಥಿತಿಯ ಮುಂದೆ ನಕ್ಷತ್ರದ ಗುರುತಿದ್ದರೆ ಆ ನೋಡ್ ಮಾತನಾಡುತ್ತಿಲ್ಲವೆಂದು ಅರ್ಥ. ಕಾರಣವನ್ನು ಸರಿಪಡಿಸಿದ ಮೇಲೆಯೂ ಬದಿಗಿರಿಸಿದ ನೋಡ್ ತಾನಾಗಿ ಮರಳದಿದ್ದರೆ ಎಸ್‌ಕಂಟ್ರೋಲ್ ಆಜ್ಞೆಯಿಂದ ಅದನ್ನು ಕರೆತರಬೇಕು. ಕಾರಣವನ್ನು ಓದದೆ ಪದೇ ಪದೇ ಕರೆತರುವುದರಿಂದ ಪ್ರಯೋಜನವಿಲ್ಲ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಫಲಿಸುವ ಅಂಶವೆಂದರೆ, ಪರಿಷ್ಕೃತ ಕ್ಲಸ್ಟರಿನಲ್ಲಿ ಕಾರ್ಯನಿಯೋಜಕವನ್ನು ನೆಲೆಗೊಳಿಸುವ ಕಾರ್ಯವು ಪ್ರಧಾನವಾಗಿ ತಾಳೆ ನೋಡುವ ಕಾರ್ಯವಾಗಿದೆ. ಯಂತ್ರಗಳು ಪರಸ್ಪರ ಒಪ್ಪುತ್ತವೆಯೇ, ಬರೆದ ವಿವರವು ಯಂತ್ರವನ್ನು ಒಪ್ಪುತ್ತದೆಯೇ, ಕಟ್ಟಿದ ತಂತ್ರಾಂಶದಲ್ಲಿ ಏನಾದರೂ ಬಿಟ್ಟುಹೋಗಿದೆಯೇ ಎಂಬ ಪ್ರಶ್ನೆಗಳಿಗೆ ಉತ್ತರವು ದೊರೆತರೆ ತೊಡಕುಗಳಲ್ಲಿ ಬಹುಪಾಲು ಪರಿಹಾರವಾಗುತ್ತವೆ. ಎಲ್ಲ ನೋಡ್‌ಗಳನ್ನೂ ಒಮ್ಮೆಗೇ ಬದಲಿಸದೆ, ಎರಡೇ ನೋಡ್‌ಗಳನ್ನು ಮೊದಲು ಹೊಸ ವ್ಯವಸ್ಥೆಗೆ ತಂದು, ಅವುಗಳ ಮೇಲೆ ಒಂದು ಸಾಮಾನ್ಯ ಕೆಲಸ, ಒಂದು ಎಂಪಿಐ ಕೆಲಸ ಹಾಗೂ ಸ್ಮೃತಿಯ ಮೇರೆಯನ್ನು ಉದ್ದೇಶಪೂರ್ವಕವಾಗಿ ಮೀರುವ ಒಂದು ಕೆಲಸ, ಇಷ್ಟನ್ನು ನಡೆಸಿ ನೋಡಬೇಕು. ಮೂರನೆಯ ಕೆಲಸವು ನಡುವೆಯೇ ನಿಲ್ಲಿಸಲ್ಪಟ್ಟರೆ ಸಿಗ್ರೂಪ್ ತನ್ನ ಕರ್ತವ್ಯವನ್ನು ಮಾಡುತ್ತಿದೆಯೆಂದು ತಿಳಿಯಬಹುದು. ಅದು ಯಶಸ್ವಿಯಾಗಿ ಮುಗಿದರೆ ಉಳಿದ ನೋಡ್‌ಗಳನ್ನು ಮುಟ್ಟಲು ಕಾಲವಿನ್ನೂ ಕೂಡಿಬಂದಿಲ್ಲ. ಈ ಪರೀಕ್ಷೆಗಳ ಫಲವನ್ನೂ, ಆವೃತ್ತಿಗಳ ಸಂಖ್ಯೆಯನ್ನೂ, ತಿದ್ದಿದ ಸಾಲುಗಳನ್ನೂ ದಿನಾಂಕದೊಡನೆ ಬರೆದಿಟ್ಟರೆ, ಮುಂದಿನ ಪರಿಷ್ಕರಣವನ್ನು ಕೈಗೊಳ್ಳುವವರಿಗೆ ಅದೇ ಮಾತೃಕೆಯಾಗುತ್ತದೆ.